ಅಂಟಿಕೊಂಡ ಹೆಸರು

ನಾನು ಒಂದು ಬ್ಯಾಡ್ಜು. ಸರಿಯಾಗಿ ಹೇಳಬೇಕೆಂದರೆ ಬ್ಯಾಡ್ಜಿನ ಹೊರಕವಚ. ಅಂಗೈಯಷ್ಟು ಅಗಲದ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಅದಕ್ಕೊಂದು ಉಕ್ಕಿನ ಕೊಕ್ಕೆ, ಕೊಕ್ಕೆಗೆ ಕುತ್ತಿಗೆಯಲ್ಲಿ ಹಾಕಿಕೊಳ್ಳುವ ನೀಲಿ ಪಟ್ಟಿ. ನನಗೆ ನನ್ನದು ಅನ್ನುವ ಹೆಸರಿಲ್ಲ. ಬೇರೆಯವರ ಹೆಸರು ತೋರಿಸುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ. ಪ್ಲಾಸ್ಟಿಕ್ಕಿನ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಾದ ಅಚ್ಚನ್ನು ಒತ್ತಿದರು. ಮೂರು ಅಂಚು ಅಂಟಿಕೊಂಡವು, ಒಂದು ತೆರೆದೇ ಉಳಿಯಿತು. ನಾನು ಇನ್ನೂ ಬಿಸಿಯಾಗಿದ್ದಾಗಲೇ ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಳಗೆ ಬೆರಳು ತೂರಿಸಿ, ಬಾಯಿ ಸರಿಯಾಗಿ ಬಿಟ್ಟಿದೆಯೋ ಇಲ್ಲವೋ ನೋಡಿದಳು. ಅದು ನನಗೆ ಸಿಕ್ಕಿದ ಮೊದಲ ಸ್ಪರ್ಶ. ಆಮೇಲೆ ಪಟ್ಟಿ ಸಿಕ್ಕಿಸಿ ತನ್ನ ಕುತ್ತಿಗೆಗೇ ಹಾಕಿಕೊಂಡಳು.

"ನೋಡ್ರೇ, ಮ್ಯಾನೇಜರ್ ಬಂದ್ರು. ಎಲ್ಲಾರೂ ಎದ್ ನಿಂತ್ಕೊಳ್ಳಿ!"

"ಹೆಸರೇ ಇಲ್ದಿರೋ ಮ್ಯಾನೇಜರಾ?" ಎಂದಳು ಪಕ್ಕದವಳು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅವಳು ನಗುತ್ತಲೇ ನನ್ನನ್ನು ತೆಗೆದು ಕಟ್ಟಿನಲ್ಲಿ ಸೇರಿಸಿದಳು.

ಸಮ್ಮೇಳನಗಳನ್ನು ನಡೆಸಿಕೊಡುವ ಒಂದು ಸಂಸ್ಥೆ ನಮ್ಮನ್ನು ಕೊಂಡುಕೊಂಡಿತು. ಅಲ್ಲಿ ನಾಗವೇಣಿ ಎಂಬವಳು ನೋಂದಣಿಯ ಮೇಜು ನೋಡಿಕೊಳ್ಳುತ್ತಿದ್ದಳು. ಯಾವ ಊರಿನ ಯಾವ ಹೋಟೆಲಿನಲ್ಲಿ ಸಮ್ಮೇಳನವಾದರೂ ಬಾಗಿಲ ಬಳಿಯ ಮೇಜು ಅವಳದು. ಬೆಳಿಗ್ಗೆ ಹೆಸರಿನ ಕಾರ್ಡುಗಳನ್ನು ನಮ್ಮೊಳಗೆ ತುರುಕುತ್ತಾಳೆ. ಸಂಜೆ ಹೊರಗೆ ಹೋಗುವವರಿಂದ ನಮ್ಮನ್ನು ವಾಪಸ್ಸು ಪಡೆದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಾಳೆ. ಕಾರ್ಡು ಅವರಿಗೆ, ಕವರು ಅವಳಿಗೆ. ಹಾಗಾಗಿ ನಮಗೆ ಒಂದು ಹೆಸರಿನ ಆಯುಸ್ಸು ಒಂದು ದಿನ, ಹೆಚ್ಚೆಂದರೆ ಎರಡು.

ಮೊದಲು ನನ್ನನ್ನು ಹಾಕಿಕೊಂಡವರು ಒಬ್ಬ ದಂತವೈದ್ಯರು. ದಿನವಿಡೀ ನನ್ನ ಕೊಕ್ಕೆಯನ್ನು ಟಿಕ್ ಟಿಕ್ ಎಂದು ತೆರೆದು ಮುಚ್ಚಿದರು. ಆಮೇಲೆ ಬಿತ್ತನೆ ಬೀಜದ ವ್ಯಾಪಾರಿಯೊಬ್ಬರು. ಊಟಕ್ಕೆ ಬಗ್ಗಿದಾಗ ನಾನು ಸಾಂಬಾರಿನಲ್ಲಿ ಅದ್ದಿಹೋದೆ. ಅವರು ನೋಡಲೇ ಇಲ್ಲ. ತರಬೇತಿಗೆ ಬಂದಿದ್ದ ಅಂಗನವಾಡಿ ಶಿಕ್ಷಕಿಯೊಬ್ಬರು ಮಾತ್ರ ಸಂಜೆ ನನ್ನನ್ನು ಮೇಜಿಗೆ ಕೊಡದೆ, ಹಾಕಿಕೊಂಡೇ ಬಸ್ಸಿನಲ್ಲಿ ಮನೆಗೆ ಹೋದರು. ಮಕ್ಕಳಿಗೆ ತೋರಿಸಿದರು. ಮರುದಿನ ಬಟ್ಟೆಯಲ್ಲಿ ಒರೆಸಿ ತಂದುಕೊಟ್ಟರು. ಅವರ ಮನೆಯ ಸೀಗೆಪುಡಿಯ ವಾಸನೆ ನನ್ನ ಪಟ್ಟಿಯಲ್ಲಿ ಕೆಲವು ದಿನ ಇತ್ತು.

ನನ್ನ ಪಟ್ಟಿ ಉದ್ದ. ಹೆಚ್ಚಿನವರ ಮೈಮೇಲೆ ನಾನು ಹೊಟ್ಟೆಯ ಬಳಿ ತೂಗಾಡುತ್ತೇನೆ. ಅಲ್ಲಿಂದ ಮುಖ ಕಾಣುವುದಿಲ್ಲ. ಗದ್ದ ಕಾಣುತ್ತದೆ, ಮಾತಾಡುವಾಗ ಏರಿಳಿಯುವ ಗಂಟಲು ಕಾಣುತ್ತದೆ. ಎದುರು ಬರುವವರು ಮೊದಲು ನನ್ನನ್ನು ನೋಡುತ್ತಾರೆ. ನನ್ನನ್ನು ಓದಿದ ಮೇಲೆ ಮುಖವನ್ನು ನೋಡಬೇಕೋ ಬೇಡವೋ ತೀರ್ಮಾನಿಸುತ್ತಾರೆ.

ಹೀಗೆ ಹೆಸರುಗಳು ಬಂದವು, ಹೋದವು. ಯಾವುದೂ ನನಗೆ ತಾಗಲಿಲ್ಲ.

ಆ ವರ್ಷದ ಮಾನವ ಸಂಪನ್ಮೂಲ ಸಮಾವೇಶ ನಗರದ ಒಂದು ದೊಡ್ಡ ಹೋಟೆಲಿನಲ್ಲಿ ನಡೆಯಿತು. ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ, ಕಂಪನಿಗಳಲ್ಲಿ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರು, ಕಳಿಸುವವರು, ಹಾಜರಿ, ರಜೆ, ತಕರಾರು ನೋಡುವವರು ವರ್ಷಕ್ಕೊಮ್ಮೆ ಸೇರುವ ಜಾತ್ರೆ ಅದು. ನನ್ನೊಳಗೆ ನಾಗವೇಣಿ ಒಂದು ಕಾರ್ಡು ಸೇರಿಸಿದಳು. ಚನ್ನವೀರ ಹೊಂಬಳ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಸಹಾಯಕ ವ್ಯವಸ್ಥಾಪಕ, ಧಾರವಾಡ.

ನನ್ನನ್ನು ತೆಗೆದುಕೊಳ್ಳಲು ಒಬ್ಬ ಹೆಂಗಸು ಬಂದಳು. ಮೂವತ್ತು ದಾಟಿರಬಹುದು. ಬೂದು ಬಣ್ಣದ ಹತ್ತಿ ಸೀರೆ, ಹೆಗಲಿಗೆ ಕಪ್ಪು ಚೀಲ.

"ಮಧುರಾ ಹೊಂಬಳ" ಎಂದಳು. "ಧಾರವಾಡದಿಂದ."

ನಾಗವೇಣಿ ಕಂಪ್ಯೂಟರು ನೋಡಿದಳು, ನನ್ನನ್ನು ನೋಡಿದಳು. "ಓ, ನೀವು ಸಬ್‌ಸ್ಟಿಟ್ಯೂಟಾ ಮೇಡಂ? ಚನ್ನವೀರ ಅವರ ಬದಲಿಗೆ ಬಂದಿರೋದು?"

"ಹೌದ್ರಿ."

"ಅವರಿಗೆ ಬರೋಕ್ಕಾಗ್ಲಿಲ್ವಾ?"

"ಅವರು ನಮ್ಮ ಮನಿಯವರು. ಉಗಾದಿ ಮುಂದ ತೀರಿಕೊಂಡ್ರು. ಕಂಪನಿಯವರು ಅವರ ಜಾಗಾದಾಗ ನನಗ ಕೆಲಸಾ ಕೊಟ್ಟಾರ. ಅವರು ಮೊದಲs ಹೆಸರು ಹಚ್ಚಿದ್ರಲ್ಲ ಇದಕ್ಕ, ನೀನs ಹೋಗಿ ಬಾ ಅಂತ ಕಳಿಸ್ಯಾರ."

ಒಂದೇ ಉಸಿರಿನಲ್ಲಿ, ಕಚೇರಿಯ ವಿಷಯ ಹೇಳುವ ಹಾಗೆ ಹೇಳಿದಳು. ತುಂಬ ಸಲ ಹೇಳಿ ನಯವಾದ ಮಾತು.

ನಾಗವೇಣಿಯ ಕೈ ಕೀಲಿಮಣೆಯ ಮೇಲೆ ನಿಂತಿತು. "ಅಯ್ಯೋ, ಸಾರಿ ಮೇಡಂ. ಲಿಸ್ಟಲ್ಲಿ ನಿಮ್ಮ ಹೆಸರೇ ಹಾಕಿದೀವಿ. ಕಾರ್ಡು ಮಾತ್ರ ಹಳೇದೇ ಪ್ರಿಂಟಾಗೋಗಿದೆ. ಒಂದು ನಿಮಿಷ ಇರಿ, ಹೊಸದು ತೆಗೆದುಕೊಟ್ಬಿಡ್ತೀನಿ."

ಮಧುರಾ ಮೇಜಿನ ಮೇಲಿದ್ದ ನನ್ನನ್ನು ನೋಡುತ್ತಿದ್ದಳು. ನೋಡುತ್ತಲೇ ಇದ್ದಳು.

"ಬ್ಯಾಡ್ರಿ" ಎಂದಳು. "ಇದs ಇರ್ಲಿ."

"ಗಂಡಸಿನ ಹೆಸರು ಮೇಡಂ. ಎಲ್ಲಾರೂ ಕೇಳ್ತಾರೆ."

"ಕೇಳ್ಲಿ." ಎಂದಳು. "ನಮ್ಮ ಕಡೆ ಯಾರೂ ಈ ಹೆಸರು ತಗೊಳ್ಳಂಗಿಲ್ರಿ ಈಗ. ನಾ ಬಂದ್ರ ಸಾಕು, ಸುಮ್ಮನಾಗ್ತಾರ. ಇವತ್ತೊಂದು ದಿನ ಇರ್ಲಿ."

ನಾಗವೇಣಿ ಹೊಸ ಕಾರ್ಡಿನ ಕೆಲಸ ಬಿಟ್ಟಳು. ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಹಾಗೆ ಅವಳು ಯಾರಿಗೂ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮಧುರಾ ನನ್ನ ಪಟ್ಟಿಗೆ ಒಂದು ಗಂಟು ಹಾಕಿ ಗಿಡ್ಡ ಮಾಡಿಕೊಂಡಳು. ಆಗ ನಾನು ಅವಳ ಹೊಟ್ಟೆಯ ಮೇಲಲ್ಲ, ಎದೆಯ ನಡುವೆ ಬಂದು ಕುಳಿತೆ. ಅಲ್ಲಿ ಬೇರೇನೂ ಇರಲಿಲ್ಲ.

ಎದೆಬಡಿತವನ್ನು ಅಷ್ಟು ಹತ್ತಿರದಿಂದ ನಾನು ಕೇಳಿದ್ದು ಅದೇ ಮೊದಲು. ನಿಧಾನವಾಗಿತ್ತು. ಬಹಳ ದೂರದಲ್ಲಿ ಯಾರೋ ಕದ ತಟ್ಟುತ್ತಿರುವ ಹಾಗೆ, ಒಳಗಿರುವವರು ಏಳುವುದಿಲ್ಲ ಎಂದು ಗೊತ್ತಿದ್ದೂ ತಟ್ಟುತ್ತಿರುವ ಹಾಗೆ.

ದೊಡ್ಡ ಸಭಾಂಗಣದಲ್ಲಿ ದೀಪ ಬೆಳಗಿಸಿದರು. ಭಾಷಣ ಮಾಡಿದರು. ಆಮೇಲೆ ಕೋಟು ತೊಟ್ಟ ತರಬೇತುದಾರನೊಬ್ಬ ವೇದಿಕೆಯ ಮೇಲಿಂದ ಇಳಿದು ಬಂದು ಎಲ್ಲರ ಸಂಕೋಚ ಬಿಡಿಸಲು ಒಂದು ಆಟ ಆಡಿಸಿದ. ಈ ಜನ ಎಲ್ಲಿ ಸೇರಿದರೂ ಅಂಥದ್ದೊಂದು ಆಟ ಇದ್ದೇ ಇರುತ್ತದೆ.

"ನಿಮ್ಮ ಎಡಗಡೆ ಕೂತಿರೋರ ಬ್ಯಾಡ್ಜ್ ಓದಿ. ಅವರ ಹೆಸರನ್ನ ಜೋರಾಗಿ ಕೂಗಿ. ಆಮೇಲೆ ಅವರ ಬಗ್ಗೆ ಒಂದು ಒಳ್ಳೆ ಮಾತು ಹೇಳಿ. ಪರಿಚಯ ಇಲ್ವಾ? ಪರವಾಗಿಲ್ಲ, ಊಹೆ ಮಾಡಿ!"

ಮಧುರಾಳ ಬಲಗಡೆ ಕೂತಿದ್ದ ಯುವಕ ನನ್ನ ಕಡೆ ಬಗ್ಗಿದ. ಅವನ ಶರ್ಟು ಹೊಸದು, ಕಾಲರಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಚನ್ನವೀರ ಹೊಂಬಳ!" ಎಂದು ಕೂಗಿ, ತಲೆ ಎತ್ತಿ ಅವಳ ಮುಖ ನೋಡಿ ಕೆಂಪಾದ. "ಅಲ್ಲ... ಮೇಡಂ, ಇದು ನಿಮ್ಮ ಹೆಸರಾ?"

"ಇನ್ನೊಮ್ಮೆ ಕರೀರಿ" ಎಂದಳು ಮಧುರಾ.

ಅವನಿಗೆ ಅರ್ಥವಾಗಲಿಲ್ಲ. ಆದರೂ ಕರೆದ. ಸುತ್ತ ನೂರಾರು ಜನ ನೂರಾರು ಹೆಸರು ಕೂಗುತ್ತಿದ್ದರು. ಆ ಗದ್ದಲದೊಳಗೆ ಈ ಹೆಸರೂ ಉಳಿದ ಹೆಸರುಗಳ ಹಾಗೆ, ಇರುವವನ ಹೆಸರಿನ ಹಾಗೆ, ಗಾಳಿಯಲ್ಲಿ ಹೋಯಿತು. ನನ್ನ ಬೆನ್ನಿಗೆ ತಾಗಿದ್ದ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು.

"ಈಗ ಒಳ್ಳೆ ಮಾತು" ಎಂದು ಯುವಕ ತಲೆ ಕೆರೆದುಕೊಂಡ. "ಚನ್ನವೀರ ಅವರು... ಟೈಮಿಗೆ ಸರಿಯಾಗಿ ಬರ್ತಾರೆ ಅನ್ಸುತ್ತೆ."

ಮಧುರಾ ನಕ್ಕಳು. "ಇಲ್ರಿ. ಯಾವಾಗ್ಲೂ ತಡಾ ಮಾಡ್ತಾರ."

ನಕ್ಕ ಮೇಲೆ ತನ್ನ ನಗುವಿಗೆ ತಾನೇ ಬೆಚ್ಚಿದವಳಂತೆ ಬಾಯಿಗೆ ಸೆರಗು ಹಿಡಿದಳು.

ಮುಂದಿನ ಗೋಷ್ಠಿ ಕೆಲಸ ಬಿಟ್ಟು ಹೋಗುವವರ ಬಗ್ಗೆ ಇತ್ತು. ಮಾತಾಡಿದವರು ಅನುಭವಿ, ತಲೆ ಹಣ್ಣಾದವರು. ಬಿಟ್ಟು ಹೋಗುವವರನ್ನು ಕೂರಿಸಿ ಕಾರಣ ಕೇಳಬೇಕು, ಬರೆದಿಟ್ಟುಕೊಳ್ಳಬೇಕು ಎಂದರು. ಕೊನೆಗೆ ಬೆರಳೆತ್ತಿ ಹೇಳಿದರು. "ಯಾರೂ ಇದ್ದಕ್ಕಿದ್ದ ಹಾಗೆ ಹೋಗುವುದಿಲ್ಲ. ಮೊದಲೇ ಸೂಚನೆ ಕೊಟ್ಟಿರುತ್ತಾರೆ. ನೀವು ಗಮನಿಸಿರುವುದಿಲ್ಲ, ಅಷ್ಟೆ."

ಎಲ್ಲರೂ ಬರೆದುಕೊಂಡರು. ಮಧುರಾಳ ಪೆನ್ನು ಹಾಳೆಯ ಮೇಲೆ ಇತ್ತು, ಓಡಲಿಲ್ಲ. ಹಾಳೆಯ ಮೇಲೆ ಒಂದು ಚುಕ್ಕೆ ಮೂಡಿ ದೊಡ್ಡದಾಗುತ್ತ ಹೋಯಿತು.

ಚಹಾದ ಬಿಡುವಿನಲ್ಲಿ ಅವಳು ಮಳಿಗೆಗಳ ಸಾಲಿನಲ್ಲಿ ನಡೆದಳು. ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಾರುವವನು ನನ್ನನ್ನು ಓದಿ, "ಬನ್ನಿ ಚನ್ನವೀರ್ ಮೇಡಂ" ಎಂದ. ವಿಮೆಯವನು, "ಹೊಂಬಳ ಅವರೇ, ನಿಮ್ಮ ಫ್ಯಾಮಿಲಿಗೆಲ್ಲ ಕವರ್ ಆಗುತ್ತೆ" ಎಂದು ಕಾಗದ ಕೊಟ್ಟ. ಅವಳು ಯಾರನ್ನೂ ತಿದ್ದಲಿಲ್ಲ. ಅವರ ಬಾಯಿಂದ ಆ ಹೆಸರು ಬರುವ ತನಕ ಪ್ರತಿ ಮಳಿಗೆಯ ಮುಂದೆ ನಿಲ್ಲುತ್ತಿದ್ದಳು, ಬಂದ ಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಕಾಗದಗಳು ಅವಳ ಕೈಯಲ್ಲಿ ತುಂಬಿದವು. ಒಂದನ್ನೂ ಓದಲಿಲ್ಲ.

ಕೈ ತೊಳೆಯುವಲ್ಲಿ ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚುತ್ತಿದ್ದ ಒಬ್ಬಾಕೆ ಹೇಳಿದಳು. "ಬೇರೆಯವರ ಬ್ಯಾಡ್ಜ್ ಹಾಕ್ಕೊಂಡು ಬಂದ್ಬಿಟ್ಟಿದ್ದೀರಲ್ಲ!"

"ಬ್ಯಾರೇದವರದಲ್ರಿ" ಎಂದಳು ಮಧುರಾ. "ನಮ್ಮದs."

ಮೊಬೈಲು ಚಾರ್ಜು ಮಾಡುವ ಕಡೆ ಅವಳು ಚೀಲದಿಂದ ಎರಡು ಫೋನು ತೆಗೆದು ಎರಡನ್ನೂ ಸಿಕ್ಕಿಸಿದಳು. ಒಂದು ಅವಳದು. ಅದರಲ್ಲಿ ಆಗಾಗ ಸಂದೇಶಗಳು ಬರುತ್ತಿದ್ದವು. ಇನ್ನೊಂದು ದೊಡ್ಡದು, ಅದರ ಕವಚದ ಮೂಲೆ ಸವೆದು ಹೋಗಿತ್ತು. ಅದು ಒಮ್ಮೆಯೂ ಸದ್ದು ಮಾಡಲಿಲ್ಲ. ಆದರೂ ಅದು ಪೂರ್ತಿ ತುಂಬುವ ತನಕ ಅವಳು ಅಲ್ಲೇ ನಿಂತಿದ್ದಳು. ಒಳಗೆ ಗೋಷ್ಠಿ ಶುರುವಾಗಿತ್ತು.

ಊಟದ ಹೊತ್ತಿಗೆ ಅವಳು ಯಾರ ಜೊತೆಯೂ ಕೂರಲಿಲ್ಲ. ತಟ್ಟೆಯಲ್ಲಿ ಒಂದಿಷ್ಟು ಅನ್ನ ಹಾಕಿಕೊಂಡು ಹುಲ್ಲುಹಾಸಿನ ಅಂಚಿನ ಕಲ್ಲು ಕಟ್ಟೆಯ ಮೇಲೆ ಕೂತಳು. ನೆರಳಿನಲ್ಲಿ ಜಾಗವಿತ್ತು. ಆದರೆ ಅಲ್ಲಿ ಜನರಿದ್ದರು. ಬಿಸಿಲು ನೇರವಾಗಿ ನನ್ನ ಮೇಲೆ ಬೀಳುತ್ತಿತ್ತು. ಅನ್ನ ತಣ್ಣಗಾಯಿತು, ನಾನು ಕಾದೆ. ಹುಟ್ಟಿದ ದಿನದ ಬಿಸಿ ಮತ್ತೆ ನೆನಪಾಯಿತು. ನನ್ನ ಪ್ಲಾಸ್ಟಿಕ್ಕು ಮೆತ್ತಗಾಗುತ್ತಿತ್ತು. ಅವಳು ಅಂಗೈಯನ್ನು ನನ್ನ ಮೇಲೆ ಇಟ್ಟುಕೊಂಡಳು. ಹೊರಗೆ ಬಿಸಿಲು, ಮೇಲೆ ಅವಳ ಕೈ, ಹಿಂದೆ ಅವಳ ಎದೆ. ಹಾಗೇ ಬಹಳ ಹೊತ್ತು ಕೂತಿದ್ದಳು.

"ಎಂತ ಮಾರಾಯ್ರೆ, ಧಾರವಾಡದವರು ನೀವಂತೆ, ಹೊಂಬಳ ಎಲ್ಲಿ?"

ಐವತ್ತು ದಾಟಿದ ಗಂಡಸೊಬ್ಬರು ತಟ್ಟೆ ಹಿಡಿದು ಎದುರು ನಿಂತಿದ್ದರು. ದುಂಡು ಹೊಟ್ಟೆ, ಅದರ ಮೇಲೆ ನನ್ನ ಹಾಗಿನದೇ ಒಂದು ಬ್ಯಾಡ್ಜು. ಗ್ರೆಗರಿ ಸಲ್ಡಾನ, ಮಂಗಳೂರು.

ಮಧುರಾ ಕೈ ತೆಗೆದಳು. ಅವರು ನನ್ನನ್ನು ಓದಿ ಗಟ್ಟಿಯಾಗಿ ನಕ್ಕರು.

"ನಾನು ಬೆಳಗ್ಗಿನಿಂದ ಹುಡುಕುವುದು ಇವರನ್ನೇ! ಒಳಗೆ ಯಾರೋ ಹೆಸರು ಕೂಗಿದ್ದು ಕೇಳಿತು, ತಿರುಗಿ ನೋಡ್ತೇನೆ, ಜನವೇ ಇಲ್ಲ. ಈಗ ನೋಡಿದ್ರೆ ಹೆಸರು ಉಂಟು, ಅವರಿಲ್ಲ. ನೀವು ಮಧುರಾ ಅಲ್ವಾ?"

"ನಿಮಗ ಹೆಂಗ ಗೊತ್ತು?"

"ಅಯ್ಯೋ, ನಿಮ್ಮ ಹೆಸರು ನನಗೆ ಬಾಯಿಪಾಠ." ಅವರು ಕಟ್ಟೆಯ ಮೇಲೆ ಕೂತರು. "ಪ್ರತಿ ವರ್ಷ ನಾವಿಬ್ಬರು ಕಡೇ ಸಾಲು. ಮನುಷ್ಯನೇ ನಮ್ಮ ಆಸ್ತಿ ಅಂತ ಎಷ್ಟು ಸಲ ಹೇಳ್ತಾರೆ ಅಂತ ಪಂಥ ಕಟ್ಟುವುದು. ಸೋತವ ಐಸ್‌ಕ್ರೀಮ್ ತರಬೇಕು. ಹೋದ ವರ್ಷ ಸೋತದ್ದು ನಿಮ್ಮ ಗಂಡ. ತರ್ತೇನೆ ಅಂತ ಹೋದ ಜನ ಧಾರವಾಡದ ಬಸ್ಸು ಹತ್ತಿ ಆಯ್ತು! ಮತ್ತೆ ಊಟದ ಹೊತ್ತಿಗೆ ಒಂದು ರಗಳೆ. ಬಡಿಸುವವನನ್ನು ನಿಲ್ಲಿಸಿ ಕೇಳುವುದು, ಇದಕ್ಕೆ ಇಂಗು ಹಾಕಿದ್ದೀರಾ? ಮಧುರಾಗೆ ಇಂಗು ಆಗುವುದಿಲ್ಲ. ನಾನು ಹೇಳಿದೆ, ಮಾರಾಯಾ, ಮಧುರಾ ಇಲ್ಲಿ ಇಲ್ಲ, ನೀನು ತಿನ್ನು. ಹೌದಲ್ಲ ಅಂತ ನಗುವುದು. ಮರುವರ್ಷ ಪುನಃ ಅದೇ."

ಮಧುರಾ ತನ್ನ ತಟ್ಟೆಯನ್ನು ನೋಡಿದಳು. ಅವಳ ಎದೆ ಬೇರೆ ರೀತಿ ಹೊಡೆದುಕೊಳ್ಳುತ್ತಿತ್ತು. ದೂರದ ಕದವಲ್ಲ, ಪಕ್ಕದ ಕದ.

"ಅವರಿಗೆ ಎಂತ ಆಯ್ತು, ಈ ಸಲ ಬರ್ಲಿಲ್ಲ?"

ಬೆಳಿಗ್ಗೆ ಮೇಜಿನ ಬಳಿ ಹೇಳಿದ ನಯವಾದ ಮಾತು ಅವಳ ಗಂಟಲ ತನಕ ಬಂದದ್ದು ನನಗೆ ತಿಳಿಯಿತು. ಅದು ಅಲ್ಲೇ ನಿಂತಿತು. ಎದುರಿಗಿದ್ದ ಮನುಷ್ಯನ ಕಣ್ಣಲ್ಲಿ ಚನ್ನವೀರ ಇನ್ನೂ ಬಸ್ಸು ಹತ್ತುತ್ತಿದ್ದ, ಇಂಗು ಕೇಳುತ್ತಿದ್ದ. ಅಂಥ ಇನ್ನೊಂದು ಜಾಗ ಬಹುಶಃ ಈ ಲೋಕದಲ್ಲಿ ಉಳಿದಿರಲಿಲ್ಲ.

"ಬಂದಿಲ್ರಿ" ಎಂದಳು.

"ಕಳ್ಳ! ನಿಮ್ಮನ್ನು ಕಳಿಸಿ ತಾನು ಮನೆಯಲ್ಲಿ ನಿದ್ದೆಯಾ? ನಿಲ್ಲಿ, ಈಗಲೇ ಫೋನ್ ಮಾಡಿ ಬೈತೇನೆ."

ಅವರು ಜೇಬಿನಿಂದ ಫೋನು ತೆಗೆದರು. ಮಧುರಾ "ಬ್ಯಾಡ್ರಿ" ಅಂದದ್ದು ಅವರಿಗೆ ಕೇಳಲಿಲ್ಲ. ಅಷ್ಟರಲ್ಲಿ ಅವರು ಫೋನು ಕಿವಿಗೆ ಹಿಡಿದಾಗಿತ್ತು.

ಅವಳ ತೊಡೆಯ ಮೇಲಿದ್ದ ಚೀಲ ನಡುಗಿತು. ಆಮೇಲೆ ರಿಂಗಾಯಿತು.

ಸಲ್ಡಾನ ಮೊದಲು ಗಮನಿಸಲಿಲ್ಲ. "ರಿಂಗ್ ಆಗ್ತಾ ಉಂಟು" ಎಂದರು. ನಂತರ ಚೀಲದ ಕಡೆ ನೋಡಿದರು. "ನಿಮ್ಮದು ಬಡಿತಾ ಉಂಟು, ತೆಗೀರಿ."

ಮಧುರಾ ಚೀಲಕ್ಕೆ ಕೈ ಹಾಕಿ ಮೂಲೆ ಸವೆದ ದೊಡ್ಡ ಫೋನನ್ನು ಹೊರಗೆ ತೆಗೆದಳು. ಅದರ ಮುಖದ ಮೇಲೆ ಸಲ್ಡಾನ ಎಂಬ ಹೆಸರು ಬೆಳಗುತ್ತಿತ್ತು. ಅವಳು ಅದನ್ನು ಇಬ್ಬರ ನಡುವೆ, ಕಲ್ಲಿನ ಮೇಲೆ ಇಟ್ಟಳು. ಇಷ್ಟು ತಿಂಗಳು ಅವಳು ದಿನವೂ ತುಂಬಿಸಿಟ್ಟ ಫೋನು ಅದು. ಅದು ಮೊಳಗುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಲಿಲ್ಲ. ಅವರೂ ನಿಲ್ಲಿಸಲಿಲ್ಲ. ಅವರು ಫೋನನ್ನು ನೋಡಿದರು. ನನ್ನನ್ನು ನೋಡಿದರು. ಅವಳ ತಾಳಿಯಿಲ್ಲದ ಕೊರಳನ್ನು ನೋಡಿದರು. ತಾನಾಗಿಯೇ ಸದ್ದು ನಿಂತಿತು.

ಈ ಸಮಾವೇಶಕ್ಕೆ ಬರುವವರಿಗೆ ಸಂತಾಪ ಹೇಳುವುದು ಕೆಲಸದ ಭಾಗ. ಹೇಗೆ ಹೇಳಬೇಕೆಂದು ಅವರಿಗೆ ತರಬೇತಿಯೂ ಇರುತ್ತದೆ. ಸಲ್ಡಾನ ಅದು ಯಾವುದನ್ನೂ ಹೇಳಲಿಲ್ಲ. ತಟ್ಟೆಯನ್ನು ಕೆಳಗಿಟ್ಟರು. ಕೇಳಿದರು.

"ಎಂತ?"

"ಹಾರ್ಟು" ಎಂದಳು. "ಮುಂಜಾನೆ ಎದ್ದು ಶರ್ಟಿಗೆ ಇಸ್ತ್ರಿ ಮಾಡ್ಲಿಕ್ಕತ್ತಿದ್ರು."

"ಹೋದ ವರ್ಷ ಇಲ್ಲಿಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತಿದ್ದರು." ಸಲ್ಡಾನರ ಧ್ವನಿ ತಗ್ಗಿತ್ತು. "ಕೈಯಲ್ಲಿ ಕಂಬಿ ಹಿಡ್ಕೊಂಡು. ಮುದುಕನಾದೆಯಾ ಅಂತ ನಾನು ತಮಾಷೆ ಮಾಡಿದೆ."

"ನಾನೂ ಮಾಡಿದ್ದೆ" ಎಂದಳು ಮಧುರಾ.

ಅಷ್ಟೇ ಮಾತು. ಅವಳ ಎದೆಯೊಳಗೆ ಬೆಳಗಿನಿಂದ ಬಿಗಿಯಾಗಿದ್ದ ಏನೋ ಒಂದು ಆ ಎರಡು ಪದದ ಜೊತೆ ಸಡಿಲವಾಯಿತು. ನನ್ನ ಮೇಲೆ ಒಂದು ಹನಿ ಬಿತ್ತು. ನಾನು ಕಾದಿದ್ದೆ, ಅದು ಬೇಗ ಆರಿತು.

ಸಲ್ಡಾನ ಎದ್ದು ಹೋದರು. ಅವರು ಇನ್ನು ಬರುವುದಿಲ್ಲ ಎಂದುಕೊಂಡೆ. ಇಂಥ ಹೊತ್ತಿನಲ್ಲಿ ಜನ ಎದ್ದು ಹೋಗುವುದನ್ನು ಅವಳೂ ಸಾಕಷ್ಟು ನೋಡಿರಬೇಕು, ತಲೆ ಎತ್ತಲಿಲ್ಲ. ಆದರೆ ಅವರು ಎರಡು ಬಟ್ಟಲು ಐಸ್‌ಕ್ರೀಮ್ ಹಿಡಿದು ವಾಪಸ್ಸು ಬಂದರು.

"ಪಂಥದ್ದು" ಎಂದರು. "ಹೋದ ವರ್ಷದ ಬಾಕಿ. ಅವರ ಪರವಾಗಿ ನಾನೇ ತಂದೆ. ತಿನ್ನಿ ಮಧುರಾ, ಇದಕ್ಕೆ ಇಂಗು ಹಾಕಿಲ್ಲ, ಕೇಳಿ ಬಂದಿದ್ದೇನೆ."

ಅವಳು ತಿಂದಳು. ಆ ದಿನ ಅವಳ ಹೊಟ್ಟೆಗೆ ಹೋದದ್ದು ಅದೊಂದೇ.

ಮಧ್ಯಾಹ್ನ ಇಬ್ಬರೂ ಕಡೇ ಸಾಲಿನಲ್ಲಿ ಕೂತರು. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಯಾರೋ ಬಂದು ಅಲ್ಲಿ ಕೂರಬಹುದೇ ಎಂದು ಕೇಳಿದಾಗ ಸಲ್ಡಾನ, "ಜನ ಉಂಟು" ಎಂದರು. ವೇದಿಕೆಯ ಮೇಲೆ ಯಾರೋ ಮನುಷ್ಯನೇ ನಮ್ಮ ಆಸ್ತಿ ಎಂದಾಗಲೆಲ್ಲ ಅವರು ಒಂದು ಬೆರಳು ಮಡಿಸುತ್ತಿದ್ದರು. ಮಧುರಾ ನಗಲಿಲ್ಲ. ಆದರೆ ಅವಳೂ ಬೆರಳು ಮಡಿಸತೊಡಗಿದಳು.

ಸಂಜೆ ಬಾಗಿಲ ಬಳಿ ಸಾಲು ನಿಂತಿತ್ತು. ಕವರು ಕೊಟ್ಟು ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಮಧುರಾಳ ಸರದಿ ಬಂದಾಗ ನಾಗವೇಣಿ ಪ್ರಮಾಣಪತ್ರ ಮುಂದೆ ಮಾಡಿದಳು. ಅದರಲ್ಲಿ ಮಧುರಾ ಹೊಂಬಳ ಎಂದೇ ಇತ್ತು. ಮಧುರಾ ಅದನ್ನು ತೆಗೆದುಕೊಂಡಳು. ನನ್ನನ್ನು ಮಾತ್ರ ಬಿಚ್ಚಲಿಲ್ಲ.

"ಕಾರ್ಡು ನಿಮ್ಮದೇ ಮೇಡಂ" ಎಂದು ನಾಗವೇಣಿ ಮೆಲ್ಲಗೆ ಹೇಳಿದಳು. "ಕವರ್ ಮಾತ್ರ ಕೊಟ್ರೆ ಸಾಕು. ಲೆಕ್ಕ ಕೊಡ್ಬೇಕು ನಾನು, ಇಲ್ದಿದ್ರೆ ಕೇಳ್ತಿರ್ಲಿಲ್ಲ."

ಹಿಂದೆ ನಿಂತವರು ಕಾಲು ಬದಲಿಸಿದರು. ಮಧುರಾ ನನ್ನನ್ನು ಕುತ್ತಿಗೆಯಿಂದ ತೆಗೆದಳು. ಎದೆಬಡಿತ ದೂರವಾಯಿತು. ಅವಳು ನನ್ನ ಬಾಯಿಗೆ ಬೆರಳು ಹಾಕಿ ಕಾರ್ಡನ್ನು ಎಳೆದಳು. ಅದು ಬರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ, ಅವಳ ಅಂಗೈಯ ಒತ್ತಡಕ್ಕೆ ಅದು ನನಗೆ ಅಂಟಿಕೊಂಡಿತ್ತು. ಮತ್ತೆ ಎಳೆದಳು. ಚರ್ ಎಂದು ಕಿತ್ತು ಬಂದಿತು. ಅವಳು ಅದನ್ನು ನೋಡದೆ, ಮೂಲೆ ಸವೆದ ಫೋನಿನ ಪಕ್ಕ ಚೀಲದಲ್ಲಿಟ್ಟುಕೊಂಡಳು. ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಹೊರಗೆ ಸಲ್ಡಾನ ಕಾಯುತ್ತಿದ್ದರು. "ಬಸ್ಸಿನವರೆಗೆ ಬಿಡ್ತೇನೆ" ಅಂದದ್ದು ಕೇಳಿಸಿತು. ಆಮೇಲೆ ನನ್ನ ಮೇಲೆ ಬೇರೆ ಬ್ಯಾಡ್ಜುಗಳು ಬಿದ್ದವು.

ಪೆಟ್ಟಿಗೆಯ ಕತ್ತಲೆಯಲ್ಲಿ ನನಗೆ ತಿಳಿಯಿತು. ನಾನು ಖಾಲಿಯಾಗಿರಲಿಲ್ಲ. ಕಾರ್ಡಿನ ಶಾಯಿ ನನ್ನ ಒಳಮೈಗೆ ಹತ್ತಿತ್ತು. ಚನ್ನವೀರ ಹೊಂಬಳ, ಬಹಳ ಮಸುಕಾಗಿ, ಅಲ್ಲಲ್ಲಿ ಹರಿದು. ಅವಳು ಊರಿಗೆ ಹೋಗಿ ಕಾರ್ಡು ತೆಗೆದು ನೋಡಿದಾಗ ಅಲ್ಲಿಯೂ ಹೆಸರು ಮಾಸಿರುತ್ತದೆ. ಉಳಿದದ್ದು ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಾಗುವುದಿಲ್ಲ. ಅದು ನನ್ನಲ್ಲಿದೆ ಎಂದು ಹೇಳುವ ದಾರಿ ನನಗಿಲ್ಲ.

ಮುಂದಿನ ಸಮ್ಮೇಳನ ಕಣ್ಣಿನ ವೈದ್ಯರದು. ನನ್ನೊಳಗೆ ಯಾರದೋ ಕಾರ್ಡು ಸೇರಿಸಿದರು. ಸ್ವಲ್ಪ ಹೊತ್ತಿಗೆ ಆ ವೈದ್ಯರು ವಾಪಸ್ಸು ಬಂದರು. "ಏನಮ್ಮಾ ಇದು, ನನ್ನ ಹೆಸರಿನ ಮೇಲೆ ಇನ್ನೊಬ್ಬರ ಹೆಸರಿದೆ. ನಾನು ಕಣ್ಣಿನ ಡಾಕ್ಟರು, ನನಗೇ ಎರಡೆರಡು ಕಾಣ್ತಿದೆ!"

ನಾಗವೇಣಿ ನಕ್ಕು ಅವರಿಗೆ ಬೇರೆ ಕವರು ಕೊಟ್ಟಳು. ನನ್ನ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಉಗುರಿನಿಂದ ಕೆರೆಯಲು ಹೋದವಳು ಅಕ್ಷರಗಳನ್ನು ಓದಿದಳು. ಅವಳ ಉಗುರು ನಿಂತಿತು. ಪಟ್ಟಿಯ ಗಂಟು ಬಿಚ್ಚಲು ನೋಡಿದಳು, ಅದು ಬರಲಿಲ್ಲ.

"ಬಿಡು, ಇರ್ಲಿ" ಎಂದಳು, ನನಗೋ ತನಗೋ. ಕೆಟ್ಟ ಬ್ಯಾಡ್ಜುಗಳನ್ನು ಹಾಕುವ ಸಣ್ಣ ಡಬ್ಬಿಯಲ್ಲಿ ನನ್ನನ್ನಿಟ್ಟಳು. ಕೊಕ್ಕೆ ಮುರಿದರೆ, ಪಟ್ಟಿ ಹರಿದರೆ ತೆಗೆದು ಬಳಸುವ ಡಬ್ಬಿ ಅದು. ಪ್ರತಿ ಸಮ್ಮೇಳನದಲ್ಲೂ ಮೇಜಿನ ಕೆಳಗೆ ಅವಳ ಕಾಲ ಬಳಿ ಇರುತ್ತದೆ. ಅಲ್ಲಿಂದ ನಾನು ಮುಖಗಳನ್ನಲ್ಲ, ಗದ್ದಗಳನ್ನೂ ಅಲ್ಲ, ಚಪ್ಪಲಿಗಳನ್ನು ನೋಡಿದೆ.

ಮರುವರ್ಷ ಅದೇ ಹೋಟೆಲಿನಲ್ಲಿ ಮಾನವ ಸಂಪನ್ಮೂಲ ಸಮಾವೇಶ ನಡೆಯಿತು. ಬೆಳಿಗ್ಗೆ ಒಂದು ಜೊತೆ ಕಪ್ಪು ಚಪ್ಪಲಿ ಬಂದು ಮೇಜಿನ ಮುಂದೆ ನಿಂತಿತು. ಮೇಲೆ ಹಸಿರು ಸೀರೆಯ ಅಂಚು.

"ಮಧುರಾ ಹೊಂಬಳ. ಧಾರವಾಡದಿಂದ."

"ಗೊತ್ತು ಮೇಡಂ" ಎಂದಳು ನಾಗವೇಣಿ. "ಈ ಸಲ ಸರಿಯಾಗಿ ಬಂದಿದೆ ನೋಡಿ."

ಮೇಲೆ ಪಟ್ಟಿ ಸರಿದ ಸದ್ದು. ಗಂಟು ಹಾಕುತ್ತಿರಬೇಕು.

"ಹೋದ ವರ್ಷದ್ದು..." ಎಂದು ನಾಗವೇಣಿ ಶುರು ಮಾಡಿದಳು. ಅವಳ ಕಾಲು ನನ್ನ ಡಬ್ಬಿಗೆ ತಾಗಿತು.

"ಎಂತ ಮಧುರಾ! ಬಂದ್ರಾ? ನಾನು ಎಂಟು ಗಂಟೆಗೇ ಬಂದು ಕಡೇ ಸಾಲು ಹಿಡಿದಿದ್ದೇನೆ" ಎಂಬ ದೊಡ್ಡ ಧ್ವನಿ ಬಂತು.

"ಬಂದೆ ಬಂದೆ. ತಡಾ ಆತ್ರಿ" ಎಂದಳು ಮಧುರಾ. "ಮೂರು ಕುರ್ಚಿ ಹಿಡದೀರಿಲ್ಲೋ?"

"ಮೂರು ಉಂಟು."

ಕಪ್ಪು ಚಪ್ಪಲಿ ತಿರುಗಿ ನಡೆಯಿತು. ನಾಗವೇಣಿ ಹೇಳಬೇಕೆಂದಿದ್ದ ಮಾತು ಅರ್ಧಕ್ಕೇ ಉಳಿಯಿತು. ಹಿಂದೆ ನಿಂತಿದ್ದವರು ಮುಂದೆ ಬಂದು ತಮ್ಮ ಹೆಸರು ಹೇಳಿದರು. ಮಧುರಾ ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು, ಮೇಜಿನ ಕೆಳಗೆ ಏನಿದೆ ಎಂದು ಅವಳಿಗೇನು ಗೊತ್ತು.

ಈಗ ನಾನು ಹಳಬ. ನನ್ನ ಕೊಕ್ಕೆಯನ್ನು ಬೇರೊಂದು ಬ್ಯಾಡ್ಜಿಗೆ ತೆಗೆದುಕೊಂಡರು. ಪಟ್ಟಿಯನ್ನು ಗಂಟಿನ ಮೇಲೆ ಕತ್ತರಿಸಿ ಪೆಟ್ಟಿಗೆ ಕಟ್ಟಲು ಬಳಸಿದರು. ಗಂಟಿನ ತುಂಡನ್ನು ಮಾತ್ರ ನಾಗವೇಣಿ ನನ್ನ ತಲೆಯ ತೂತಿಗೆ ಸಿಕ್ಕಿಸಿದ್ದಳು, ಅದು ಇನ್ನೂ ಅಲ್ಲೇ ಇದೆ. ಪ್ಲಾಸ್ಟಿಕ್ಕು ಹಳದಿಯಾಗಿ ಬಿರುಸಾಗಿದೆ. ಡಬ್ಬಿಯನ್ನು ಖಾಲಿ ಮಾಡಿದ ದಿನ ನಾಗವೇಣಿ ನನ್ನನ್ನು ಕಸಕ್ಕೆ ಹಾಕದೆ ಗೋದಾಮಿನ ಕಿಟಕಿಯ ಸಂದಿಗೆ ಸಿಕ್ಕಿಸಿ ಹೋದಳು. ಆಮೇಲೆ ಅವಳೂ ಕೆಲಸ ಬಿಟ್ಟಳು. ಕಾರಣವನ್ನು ಯಾರೂ ಕೂರಿಸಿ ಕೇಳಿದ ಹಾಗೆ ಕಾಣಲಿಲ್ಲ.

ನನ್ನೊಳಗೆ ಎಷ್ಟೋ ಹೆಸರುಗಳು ಬಂದು ಹೋದವು. ಯಾವುದೂ ನನ್ನದಾಗಿರಲಿಲ್ಲ. ಇದೂ ನನ್ನದಲ್ಲ. ಆದರೆ ಇದು ಉಳಿದಿದೆ. ಹಾಕಿಕೊಳ್ಳುವ ಎದೆ ಇಲ್ಲ, ಓದುವ ಕಣ್ಣಿಲ್ಲ, ಕರೆಯುವ ಬಾಯಿಲ್ಲ. ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ನನ್ನ ಮೂಲಕ ಹಾದು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಸ್ವಲ್ಪ ಹೊತ್ತು ಗೋಡೆಯ ಮೇಲೆ ಅಕ್ಷರಗಳ ನೆರಳು ಇರುತ್ತದೆ.

ಹೆಸರು ತೋರಿಸುವುದು ನನ್ನ ಕೆಲಸ. ಬಿಸಿಲು ಇರುವಷ್ಟು ಹೊತ್ತು ತೋರಿಸುತ್ತೇನೆ.